ನೆಂಟರು ಹೊರಗೆ

ಜನವರಿ ೯

ಗಿಣಿ,

ನಿನ್ನ ಕಾಗದ ಸೋಮವಾರ ಕೈ ಸೇರಿತು. ಹೋಟೆಲಿನ ಲಾಂಡ್ರಿಯ ಬಿಸಿ, ಹಾಸಿಗೆ ಬಟ್ಟೆ ಇಸ್ತ್ರಿ ಮಾಡುವ ರೋಲರಿನ ಹಟ, ಯಾರೋ ಗಿರಾಕಿ ದಿಂಬಿನ ಚೀಲದಲ್ಲಿ ಹಲ್ಲಿನ ಸೆಟ್ಟು ಮರೆತುಹೋದ ಕಥೆ, ಎಲ್ಲ ಓದಿದೆ. ಕಟ್ಟಕಡೆಗೆ, ನಿನ್ನ ಸಹಿಯ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ, "ಕತ್ತಿನಲ್ಲಿ ಒಂದು ಗಂಟು ಎದ್ದಿದೆ, ದನಿ ಒಡೆದಿದೆ, ಗಾಬರಿಯಾಗಬೇಡ" ಅಂತ. ಯಾರದೋ ಹಲ್ಲಿನ ಸೆಟ್ಟಿಗೆ ಅರ್ಧ ಪುಟ, ನಿನ್ನ ಕತ್ತಿಗೆ ಒಂದು ಸಾಲು! ನಿನಗೆ ಬುದ್ಧಿ ಯಾವ ಕಾಲಕ್ಕೆ ಬರುತ್ತೋ ನಾನು ಕಾಣೆ.

ಫೋನು ಮಾಡಿದರೆ ನಿನ್ನ ರೂಮಿನ ಪಕ್ಕದ ಮಂಚದವಳು ಎತ್ತಿ, "ಅವ್ರು ಮಾತಾಡೋ ಹಾಗಿಲ್ಲ, ಗಂಟಲಿಗೆ ರೆಸ್ಟ್ ಕೊಡ್ಬೇಕಂತೆ" ಅಂದಳು. ಹುಟ್ಟಿದ ದಿನದಿಂದ ಬಾಯಿ ಮುಚ್ಚದವಳು ಅಂತ ನಿನಗೆ ಗಿಣಿ ಎಂದು ಹೆಸರಿಟ್ಟವಳು ನಾನು. ಈಗ ಗಿಣಿ ಮಾತಾಡುವ ಹಾಗಿಲ್ಲವಂತೆ. ಇರಲಿ, ಕಾಗದದಲ್ಲಿ ಬೈದರೆ ಇನ್ನೂ ಒಳ್ಳೆಯದು. ನಡುವೆ ಫೋನು ಇಟ್ಟು ಓಡಿಹೋಗಲು ನಿನಗೆ ಆಗುವುದಿಲ್ಲ.

ಕೇಳು. ನೀನು ಗುತ್ತಿಗೆ ಕೆಲಸದವಳು, ನಿನಗೆ ವಿಮೆ ಇಲ್ಲ. ನಮ್ಮ ಬೈಂಡಿಂಗ್ ಅಂಗಡಿಯ ಯಜಮಾನರು ವಿಮೆ ಮಾಡಿಸಿರುವುದು ಅಂಗಡಿಗೆ. ಪುಸ್ತಕಕ್ಕೆ ಬೆಂಕಿ ಬಿದ್ದರೆ ದುಡ್ಡು ಬರುತ್ತದೆ, ಹೊಲಿಯುವವಳು ಹೊತ್ತಿಕೊಂಡರೆ ಅದು ಅವಳ ಹಣೆಬರಹ. ಹಾಗಂತ ಕೈಕಟ್ಟಿ ಕೂರುವವಳೇ ನಾನು? ಮೂರು ಆಸ್ಪತ್ರೆ ಸುತ್ತಿದೆ. ತರಕಾರಿ ಗಾಡಿಯ ಮುಂದೆ ನಿಂತ ಹಾಗೆ ಚೌಕಾಸಿ ಮಾಡಿದೆ. ಎರಡು ಕಡೆ "ಇನ್ಶೂರೆನ್ಸ್ ಯಾವ್ದು?" ಅಂದರು, ಇಲ್ಲ ಅಂದಕೂಡಲೇ ಮುಖ ತಿರುವಿದರು. ಮೂರನೆಯ ಕಡೆ ದುಡ್ಡು ಕಟ್ಟಿಸಿಕೊಳ್ಳುವ ಹುಡುಗಿ ಮೆಲ್ಲಗೆ, "ಕೈಯಿಂದ್ಲೇ ಕಟ್ತೀರಾ ಅಂದ್ರೆ ಎಲ್ಲಾ ಸೇರಿಸಿ ಒಂದೇ ರೇಟ್ ಮಾತಾಡ್ಕೋಬಹುದು ಆಂಟಿ. ಆಪರೇಷನ್ನು, ರೂಮು, ಔಷಧಿ ಎಲ್ಲಾ. ಮೊದ್ಲೇ ಬರೆಸ್ಕೊಂಡ್ಬಿಡಿ, ಆಮೇಲೆ ಜಾಸ್ತಿ ಕೇಳೋ ಹಾಗಿಲ್ಲ" ಅಂದಳು. ಬರೆಸಿಕೊಂಡು ಬಂದಿದ್ದೇನೆ.

ಕಿಟಕಿ ಪಕ್ಕದ ಮಂಚ ನಿನಗೆ ಅಂತ ಖಾಲಿ ಮಾಡಿದೆ. ರಜೆ ಕೇಳಿದ್ದೇನೆ. ಹೊರಟು ಬಾ. ಅಮ್ಮ ಹೋದಮೇಲೆ ನಿನ್ನ ಜ್ವರ, ನೆಗಡಿ, ಮುರಿದ ಮೊಣಕೈ ಎಲ್ಲ ನೋಡಿಕೊಂಡ ಕೈಗೆ ಒಂದು ಗಂಟು ಯಾವ ಲೆಕ್ಕ?

ಅಕ್ಷರ ನೋಡಿ ನಗಬೇಡ, ಕಾಗೆ ಕಾಲು ಗುಬ್ಬಿ ಕಾಲು ಆಗಿದೆ. ಯಜಮಾನರು ಕೊಟ್ಟ ಪೆನ್ನು, ಎರಡು ಸಾಲಿಗೊಮ್ಮೆ ಜಾರುತ್ತದೆ.

ನಿನ್ನ ಅಕ್ಕ

ಜನವರಿ ೨೦

ಅಕ್ಕಾ,

ಬೈಗುಳ ಎಲ್ಲ ಸೇರಿತು, ಒಂದೂ ದಾರಿಯಲ್ಲಿ ಉದುರಿಲ್ಲ. ಈಗ ಒಂದು ಮಾತು ಹೇಳುತ್ತೇನೆ, ಕಾಗದ ಮುದ್ದೆ ಮಾಡಿ ಎಸೆಯಬೇಡ. ನಾನು ಬರುವುದಿಲ್ಲ. ಇಲ್ಲೇ ತೋರಿಸುತ್ತೇನೆ.

ಇಲ್ಲಿ ನಮ್ಮದೊಂದು ಗುಂಪು ಇದೆ. ಲಾಂಡ್ರಿಯವರು, ಪಾತ್ರೆ ತೊಳೆಯುವವರು, ಎದುರು ಸಾಲಿನ ಪಾರ್ಲರ್ ಹುಡುಗಿಯರು. ಯಾರಿಗೂ ವಿಮೆ ಇಲ್ಲ. ಎಲ್ಲರೂ ತಿಂಗಳಿಗಿಷ್ಟು ಅಂತ ಹಾಕುತ್ತೇವೆ. ಅದರಲ್ಲಿ ಒಂದು ಪಾಲು ಬೀದಿ ಮೂಲೆಯ ಡಾಕ್ಟರಿಗೆ. ಅವರು ಹೋದಾಗಲೆಲ್ಲ ಫೀಸು ಕೇಳುವುದಿಲ್ಲ, ಇಡೀ ಗುಂಪಿಗೆ ತಿಂಗಳಿಗೊಂದು ಸಲ. ನೆಗಡಿ, ಬಿಪಿ, ಸಕ್ಕರೆ ಎಲ್ಲ ಅವರೇ ನೋಡುತ್ತಾರೆ. ದೊಡ್ಡದು ಅಂತ ಕಂಡರೆ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಬರೆದುಕೊಡುತ್ತಾರೆ. ಅಲ್ಲಿ ವಿದ್ಯಾರ್ಥಿಗಳು ನಮ್ಮನ್ನು ಮುಟ್ಟಿ ನೋಡಿ ಕಲಿಯುತ್ತಾರೆ, ಪ್ರೊಫೆಸರು ಆಪರೇಷನ್ ಮಾಡುತ್ತಾರೆ, ನಾವು ಕೊಡುವುದು ಔಷಧಿ ದುಡ್ಡು ಮಾತ್ರ, ಅದನ್ನೂ ಗುಂಪು ಕೊಡುತ್ತದೆ.

ಮೊನ್ನೆ ಹೋಗಿದ್ದೆ. ಒಂದು ತರಗತಿ ಪೂರ್ತಿ ಸಾಲಾಗಿ ಬಂದು ನನ್ನ ಕತ್ತು ಹಿಡಿದರು. ಒಬ್ಬೊಬ್ಬರೂ "ನುಂಗಿ ಅಮ್ಮ, ನುಂಗಿ" ಅನ್ನುವುದು, ನಾನು ನೀರು ನುಂಗುವುದು. ಗಂಟು ಮೇಲೆ ಕೆಳಗೆ ಓಡುವುದನ್ನು ನೋಡಬೇಕಂತೆ. ಬಕೆಟ್ಟು ನೀರು ಕುಡಿದಿರಬೇಕು. ಆಮೇಲೆ ಸೂಜಿ ಚುಚ್ಚಿ ಒಂದು ತೊಟ್ಟು ತೆಗೆದರು. ಅದರ ವರದಿ ಬರಬೇಕು.

ಹೆದರಬೇಡ, ಜೊತೆಗೆ ದೊಡ್ಡಕ್ಕ ಇದ್ದಳು. ಟವೆಲ್ ವಿಭಾಗದ ಮೇಸ್ತ್ರಿ, ಹಿಂದೆ ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿದ್ದವಳು. ಇಡೀ ಗುಂಪು ಅವಳನ್ನು ದೊಡ್ಡಕ್ಕ ಅಂತಲೇ ಕರೆಯುವುದು. ನಮ್ಮಲ್ಲಿ ಯಾರೂ ಆಸ್ಪತ್ರೆಗೆ ಒಬ್ಬರೇ ಹೋಗುವ ಹಾಗಿಲ್ಲ, ಗುಂಪಿನವರೊಬ್ಬರು ಜೊತೆಗೆ ಕೂರಬೇಕು. ಆದರೆ ನೆಂಟರು ಕೂರುವ ಹಾಗಿಲ್ಲ. ಆಪರೇಷನ್ ಆಗಿ ಒಂದೆರಡು ದಿನ ಕಳೆಯುವ ತನಕ ನೆಂಟರು ಹೊರಗೆ. ಅದೊಂದು ನಿಯಮ.

ಹಾಗಾಗಿ ನೀನು ರಜೆ ಹಾಳು ಮಾಡಿಕೊಳ್ಳಬೇಡ ಅಕ್ಕ. ನೀನು ಬರೆಸಿಕೊಂಡ ರೇಟಿನ ಚೀಟಿ ಇಟ್ಟುಕೊಂಡಿರು, ಬೇರೆ ಯಾರಿಗಾದರೂ ಉಪಯೋಗಕ್ಕೆ ಬರುತ್ತದೆ.

ಗಿಣಿ

ಜನವರಿ ೨೭

ಗಿಣಿ ಅವರಿಗೆ,

ದೊಡ್ಡಕ್ಕ! ನಮ್ಮಮ್ಮ ಹೆತ್ತದ್ದು ಇಬ್ಬರನ್ನು. ಮೊದಲನೆಯವಳು ನಾನು. ನನಗಿಂತ ದೊಡ್ಡ ಅಕ್ಕ ಯಾವಾಗ ಹುಟ್ಟಿದಳು, ನನಗೆ ಹೇಳದೆ?

ಹೊಸ ನೀರು ಬಂದು ಹಳೇ ನೀರನ್ನು ಕೊಚ್ಚಿಕೊಂಡು ಹೋಯಿತು ಅನ್ನುತ್ತಾರೆ. ಇಷ್ಟು ಬೇಗ ಅಂತ ತಿಳಿದಿರಲಿಲ್ಲ. ನಾನು ಬಿಸಿಲಲ್ಲಿ ಮೂರು ಆಸ್ಪತ್ರೆ ಮೆಟ್ಟಿಲು ಹತ್ತಿ ಇಳಿದು, ಹಲ್ಲು ಕಿರಿದು, ಬರೆಸಿಕೊಂಡು ಬಂದ ಚೀಟಿ ಬೇರೆಯವರ ಉಪಯೋಗಕ್ಕೆ. ನಿನ್ನ ಟವೆಲ್ ಮೇಸ್ತ್ರಿ ಪಕ್ಕದಲ್ಲಿ ಕೂತಿದ್ದು ಮಾತ್ರ ನಿನ್ನ ಉಪಯೋಗಕ್ಕೆ.

ಅದೇನು ನಿಯಮ ಅಂತ ಹೇಳು ನೋಡೋಣ. ದಾರಿಯಲ್ಲಿ ಹೋಗುವ ಹುಡುಗರೆಲ್ಲ ಸಾಲಾಗಿ ನಿನ್ನ ಕತ್ತು ಹಿಡಿಯಬಹುದು, ಒಡಹುಟ್ಟಿದವಳು ಬಾಗಿಲಾಚೆ ನಿಲ್ಲಬೇಕು. ಟೈಫಾಯ್ಡ್ ಬಂದಾಗ ನಿನ್ನನ್ನು ಬೆನ್ನ ಮೇಲೆ ಹೊತ್ತುಕೊಂಡು ಡಾಕ್ಟರ ಹತ್ತಿರ ಓಡಿದವಳು ನೆಂಟಳಾ? ನೆಂಟರು ಅಂದರೆ ಮದುವೆಗೆ ಬಂದು ಉಂಡು ಹೋಗುವವರು. ನಾನು ನಿನ್ನ ಅಕ್ಕ.

ಪಕ್ಕದ ಮನೆಯವಳಿಗೆ ನಿನ್ನ ಕಾಗದ ಓದಿ ಹೇಳಿದೆ. ಅವಳು, "ಒಳ್ಳೇದೇ ಆಯ್ತಲ್ಲ, ನಿಮಗೆ ಶ್ರಮ ಉಳೀತು" ಅಂದಳು. ಅವಳ ಜೊತೆ ಮಾತು ಬಿಟ್ಟಿದ್ದೇನೆ.

ಅಂಗಡಿಯಲ್ಲೂ ಸಮಾಧಾನ ಇಲ್ಲ. ಶಾಲೆ ಪುಸ್ತಕದ ಕೆಲಸ ಬಂದಿದೆ. ಅಚ್ಚಾಗಿ ಬಂದ ಫಾರಂ ಹಾಳೆ ಮಡಚಿ, ಜೋಡಿಸಿ, ಹೊಲಿದು ಕೊಡಬೇಕು. ಈ ಸಲದ ದಾರ ಸರಿಯಿಲ್ಲ, ಸೂಜಿ ಕೈಯಲ್ಲಿ ನಿಲ್ಲುವುದಿಲ್ಲ. ಯಜಮಾನರು "ಏನಮ್ಮಾ, ನಿಧಾನ ಆಯ್ತು" ಅಂದರು. ಇಪ್ಪತ್ತು ವರ್ಷದಲ್ಲಿ ಅವರ ಬಾಯಲ್ಲಿ ಆ ಮಾತು ಕೇಳಿರಲಿಲ್ಲ. ಅದಕ್ಕೂ ನೀನೇ ಕಾರಣ, ನಿನ್ನ ಯೋಚನೆಯೇ.

ವರದಿ ಬಂದ ದಿನವೇ ಬರೆ. ನಿನ್ನ ದೊಡ್ಡಕ್ಕನ ಅಪ್ಪಣೆ ಸಿಕ್ಕರೆ.

ಅಕ್ಕ (ಚಿಕ್ಕವಳು)

ಫೆಬ್ರವರಿ ೮

ಅಕ್ಕ,

ಮೊದಲು ವಿಷಯ. ವರದಿಯಲ್ಲಿ ಇದು ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ, ತೆಗೆದು ನೋಡಿದ ಹೊರತು ಹೇಳಲಾಗುವುದಿಲ್ಲ ಅಂತ ಬಂದಿದೆ. ಗಂಟಲಿನ ಮುಂದೆ ಒಂದು ಗ್ರಂಥಿ ಇದೆಯಂತೆ, ಅದರ ಒಂದು ಕಡೆಯನ್ನು ಪೂರ್ತಿ ತೆಗೆಯುತ್ತಾರೆ. ಮಾರ್ಚ್ ಮೂರಕ್ಕೆ. ದನಿಯ ನರ ಪಕ್ಕದಲ್ಲೇ ಹಾದುಹೋಗುತ್ತದೆ, ಹುಷಾರಾಗಿ ಮಾಡುತ್ತೇವೆ ಅಂದರು. ನನಗೆ ಹೆದರಿಕೆ ಆಗಿದೆ ಅಕ್ಕ. ಕ್ಯಾನ್ಸರ್ ಅನ್ನುವ ಮಾತನ್ನು ಇಲ್ಲಿ ಯಾರೂ ಆಡುತ್ತಿಲ್ಲ, ಅದಕ್ಕೇ ಜಾಸ್ತಿ ಹೆದರಿಕೆ.

ಈಗ ನಿನ್ನ ಕಾಗದ. ಓದುವ ಮೊದಲೇ ಅತ್ತೆ. ಅಕ್ಷರ ನೋಡಿದರೇ ಗೊತ್ತಾಗುತ್ತದೆ, ಎಷ್ಟು ಸಿಟ್ಟಿನಲ್ಲಿ ಬರೆದಿದ್ದೀಯ ಅಂತ. ಗೆರೆ ಎಲ್ಲೆಲ್ಲೋ ಓಡಿದೆ. ನಿನ್ನ ಮುತ್ತಿನಂಥ ಅಕ್ಷರ ತೋರಿಸಿ ಮೇಷ್ಟ್ರು ನಮ್ಮನ್ನು ಬೈಯುತ್ತಿದ್ದರು. ನನ್ನ ಮೇಲೆ ಇಷ್ಟು ಕೋಪವೇ?

ಆ ನಿಯಮ ನನ್ನದಲ್ಲ. ಹಿಂದೆ ಪಾರ್ಲರಿನ ಹುಡುಗಿಯೊಬ್ಬಳಿಗೆ ಹೊಟ್ಟೆನೋವು ಬಂದು ಅವಳ ಅಣ್ಣ ಜೊತೆಗೆ ಹೋದ. ತಂಗಿಯ ಒದ್ದಾಟ ನೋಡಲಾರದೆ, "ಡಾಕ್ಟ್ರೇ, ಏನು ಬೇಕಾದ್ರೂ ಮಾಡಿ, ಎಷ್ಟಾದ್ರೂ ಆಗ್ಲಿ" ಅಂದುಬಿಟ್ಟ. ಅವರು ಏನು ಬೇಕಾದರೂ ಮಾಡಿದರು, ಎಷ್ಟಾದರೂ ಆಯಿತು. ಆಗ ದೊಡ್ಡಕ್ಕ ಹೇಳಿದ್ದು, "ಪ್ರೀತಿ ಇರೋರು ಪ್ರಶ್ನೆ ಕೇಳಲ್ಲ, ಸೈನ್ ಹಾಕ್ತಾರೆ. ಇನ್ಮೇಲೆ ನೆಂಟ್ರು ಹೊರಗೆ." ಜೊತೆಗೆ ಕೂತವರು ಪ್ರತಿಯೊಂದಕ್ಕೂ ಕೇಳಬೇಕು. ಈ ಪರೀಕ್ಷೆ ಯಾಕೆ? ಇವತ್ತೇ ಆಗಬೇಕಾ? ಇದೇ ಔಷಧಿ ಕಡಿಮೆಗೆ ಸಿಗುತ್ತಾ? ನೀನು ಹೇಳು, ನಾನು ಒದ್ದಾಡುತ್ತಿದ್ದರೆ ನೀನು ಹೀಗೆ ಕೇಳುತ್ತೀಯಾ? ನೀನು ಡಾಕ್ಟರ ಕೊರಳಪಟ್ಟಿ ಹಿಡಿಯುತ್ತೀಯ.

ಕೋಪ ಬಿಡು. ಒಂದು ಸಾಲು ನೆಟ್ಟಗೆ ಬರೆ.

ಗಿಣಿ

ಫೆಬ್ರವರಿ ೧೫

ಗಿಣಿ,

ನೆಟ್ಟಗೆ ಬರೆಯಲು ಬರುವುದಿಲ್ಲ. ಸಿಟ್ಟು ಅಂತ ನೀನೇ ಕಂಡುಹಿಡಿದೆಯಲ್ಲ, ಹಾಗೇ ಇರಲಿ.

ಕೊರಳಪಟ್ಟಿ ಹಿಡಿಯುವವಳು ನಾನು, ಕೈ ಹಿಡಿಯುವವಳು ಅವಳು. ಸರಿ. ನಿಯಮ ತೆಗೆದು ಹಾಕಿದರೂ ನಾನು ಬರುವುದಿಲ್ಲ. ಶಾಲೆ ಪುಸ್ತಕದ ಕೆಲಸ ತಲೆಯ ಮೇಲಿದೆ. ಕೇಳಿದ ರಜೆ ವಾಪಸ್ ಕೊಟ್ಟೆ.

ದೇವರು ಒಳ್ಳೆಯದು ಮಾಡಲಿ. ದೊಡ್ಡಕ್ಕನೂ ಮಾಡಲಿ.

ಅಕ್ಕ

ಮಾರ್ಚ್ ೧

ಅಕ್ಕ,

ನಾಳೆ ಸೇರಿಸಿಕೊಳ್ಳುತ್ತಾರೆ. ಚೀಲ ಕಟ್ಟಿದೆ. ಸೋಪು, ಬಾಚಣಿಗೆ, ಎರಡು ಜೊತೆ ಬಟ್ಟೆ, ನೀನು ಹೊಲಿದುಕೊಟ್ಟ ಆ ದಪ್ಪ ನೋಟುಪುಸ್ತಕ. ಮಾತು ಬಾರದಿದ್ದರೆ ಅದರಲ್ಲಿ ಬರೆದು ತೋರಿಸಬೇಕು.

ದೊಡ್ಡಕ್ಕನನ್ನು ಕೇಳಿದೆ, "ನಮ್ಮಕ್ಕನ್ನ ಒಂದು ಗಂಟೆ ಒಳಗೆ ಬಿಡಬಹುದಾ?" ಅಂತ. "ನಿಮ್ಮಕ್ಕನಿಗೆ ಬಿಟ್ರೆ ಎಲ್ರ ಅಕ್ಕನಿಗೂ ಬಿಡ್ಬೇಕು" ಅಂದಳು. ಆಮೇಲೆ ಅವಳೇ, "ಬರ್ತಾಳಾ ಅವ್ಳು?" ಅಂದಳು. ಬರುವುದಿಲ್ಲ ಅಂತ ಬರೆದಿದ್ದಾಳೆ ಅಂದೆ.

ಬೈದಾದರೂ ನಾಲ್ಕು ಸಾಲು ಬರೆ ಅಕ್ಕ. ನೀನು ಬೈಯದಿದ್ದರೆ ನನಗೆ ಏನೋ ಆಗಿದೆ ಅನ್ನಿಸುತ್ತದೆ.

ಗಿಣಿ

ಮಾರ್ಚ್ ೧೪

ಅಕ್ಕ,

ಕ್ಯಾನ್ಸರ್ ಅಲ್ಲ! ಮೊದಲು ಅದನ್ನು ಓದಿಕೋ. ತೆಗೆದದ್ದನ್ನು ಪರೀಕ್ಷೆ ಮಾಡಿ ಹೇಳಿದರು, ಸಾದಾ ಗಂಟು. ದನಿ ಇನ್ನೂ ಪಿಸುಮಾತು, ತಿಂಗಳೆರಡು ತಿಂಗಳಲ್ಲಿ ಸರಿಹೋಗುತ್ತದಂತೆ. ಕತ್ತಿಗೆ ಅಡ್ಡ ಹೊಲಿಗೆ ಹಾಕಿದ್ದಾರೆ. ನೀನು ನೋಡಿದ್ದರೆ "ಏನಿದು, ಟಾಕಾ ಇಷ್ಟು ದೂರ ದೂರ" ಅನ್ನುತ್ತಿದ್ದೆ.

ದೊಡ್ಡಕ್ಕ ಮೂರು ದಿನ ಅಲುಗಾಡಲಿಲ್ಲ. ಒಂದು ಸ್ಕ್ಯಾನು ಬೇಡ ಅಂತ ಬಿಡಿಸಿದಳು, ಒಂದು ದುಬಾರಿ ಇಂಜೆಕ್ಷನ್ನು ಬದಲಾಯಿಸಿದಳು. ವಾರ್ಡಿನ ಚಿಕ್ಕ ಡಾಕ್ಟರು ಅವಳನ್ನು ಕಂಡರೆ ದಾರಿ ಬದಲಿಸುತ್ತಾರೆ.

ನನಗೆ ಎಲ್ಲ ಸಿಕ್ಕಿತು, ನಿನ್ನ ಕಾಗದ ಒಂದು ಸಿಗಲಿಲ್ಲ. ಅರೆಬರೆ ಎಚ್ಚರದಲ್ಲಿ ನೀನು ಬಂದ ಹಾಗೆ ಕನಸು. ಪರದೆ ಹತ್ತಿರ ನಿಂತು ಮುಖ ಗಂಟು ಹಾಕಿಕೊಂಡಿದ್ದೆ. ಕನಸಿನಲ್ಲೂ ನಗಲಿಲ್ಲ ನೀನು.

ಗಿಣಿ

ಮಾರ್ಚ್ ೨೫

ಗಿಣಿ,

ಒಳ್ಳೆ ಸುದ್ದಿ. ಪಕ್ಕದ ಮನೆಯವಳ ಜೊತೆ ಮಾತು ಶುರು ಮಾಡಿ ಅವಳಿಗೂ ಹೇಳಿದೆ.

ಕೆಲಸ ಜಾಸ್ತಿ, ಅದಕ್ಕೇ ಬರೆಯಲಿಲ್ಲ. ಅಂಗಡಿ ಬಿಟ್ಟು ಎಲ್ಲೂ ಹೋಗಿರಲಿಲ್ಲ.

ಒಂದು ಮಾತು. ಆ ಹೆಂಗಸಿಗೆ ರೋಗಿಗೆ ನೀರು ಕುಡಿಸಲು ಬರುವುದಿಲ್ಲ. ಚಮಚ ತುಂಬ ತುಂಬಿಸುತ್ತಾಳೆ, ಅರ್ಧ ಗಲ್ಲದ ಮೇಲೆ. ನಿನಗೆ ಚಿಕ್ಕಂದಿನಿಂದ ಅರ್ಧ ಚಮಚ, ತಲೆ ಸ್ವಲ್ಪ ಎತ್ತಿ. ಮೂರು ದಿನ ಅಲುಗಾಡಲಿಲ್ಲವಂತೆ, ಅಷ್ಟು ಗೊತ್ತಾಗಲಿಲ್ಲವಾ?

ಅಕ್ಕ

ಏಪ್ರಿಲ್ ೨

ಕಳ್ಳಿ!

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನೀನು ಯಾರೂ ಏನೂ ಅನ್ನದೆ ಮುಟ್ಟಿಕೊಂಡೆ. ಅಂಗಡಿ ಬಿಟ್ಟು ಎಲ್ಲೂ ಹೋಗದವಳಿಗೆ ನನ್ನ ಗಲ್ಲದ ಮೇಲಿನ ನೀರು ಹೇಗೆ ಕಾಣಿಸಿತು?

ನಿನ್ನ ಕಾಗದ ತೆಗೆದುಕೊಂಡು ದೊಡ್ಡಕ್ಕನ ಹತ್ತಿರ ಹೋದೆ. ಟವೆಲ್ ಮಡಚುವುದು ನಿಲ್ಲಿಸದೆ, "ಹೂಂ, ಬಂದಿದ್ಲು" ಅಂದಳು. ಇಷ್ಟು ದಿನ ಯಾಕೆ ಹೇಳಲಿಲ್ಲ ಅಂದರೆ, "ಹೇಳ್ಬೇಕು ಅಂತಿದ್ರೆ ಅವ್ಳೇ ಹೇಳ್ತಿದ್ಲು" ಅಂದಳು.

ಆಮೇಲೆ ಬಾಯಿಬಿಟ್ಟಳು. ಆಪರೇಷನ್ ಆದ ದಿನ ಸಂಜೆ, ನರ್ಸು ನನ್ನ ಪಟ್ಟಿ ಬದಲಿಸುವಷ್ಟು ಹೊತ್ತು ಅವಳು ವಾರ್ಡಿನ ಹೊರಗೆ ಬೆಂಚಿನ ಮೇಲಿದ್ದಳಂತೆ, ನೀನು ಅವಳ ಪಕ್ಕದಲ್ಲೇ ಬಂದು ಕೂತೆಯಂತೆ, ಅವಳು ಯಾರು ಅಂತ ಗೊತ್ತಿಲ್ಲದೆ. ಒಳಗೆ ಹೋಗುವ ಚೀಟಿ ತುಂಬಬೇಕಿತ್ತು. ಪೆನ್ನು ಹಿಡಿದೆಯಂತೆ, ಬಿತ್ತು. ಎತ್ತಿಕೊಂಡೆ, ಮತ್ತೆ ಬಿತ್ತು. "ಕನ್ನಡಕ ಮರೆತು ಬಂದಿದೀನಿ, ಸ್ವಲ್ಪ ಬರ್ಕೊಡಿ" ಅಂದೆಯಂತೆ, ಮೂಗಿನ ಮೇಲೆ ಕನ್ನಡಕ ಇಟ್ಟುಕೊಂಡೇ. ಯಾರನ್ನು ನೋಡಬೇಕು ಅಂದರೆ, ನನ್ನ ಬೆಡ್ಡಿನ ನಂಬರು ಹೇಳಿ, "ಅವಳನ್ನಲ್ಲ, ಅವಳ ಪಕ್ಕದ ಬೆಡ್ಡು. ನಾನು ನೆಂಟಳಲ್ಲ" ಅಂದೆಯಂತೆ. ಅಕ್ಕ, ನನ್ನ ಪಕ್ಕದ ಬೆಡ್ಡು ಖಾಲಿ ಇತ್ತು! ದೊಡ್ಡಕ್ಕ ಖಾಲಿ ಬೆಡ್ಡಿಗೆ ಚೀಟಿ ಬರೆದುಕೊಟ್ಟು ನಿನ್ನನ್ನು ಒಳಗೆ ಬಿಟ್ಟಳು. ಅವಳೇ ಮಾಡಿದ ನಿಯಮ ಅವಳೇ ಮುರಿದದ್ದು ಅದೊಂದೇ ಸಲ.

ಇನ್ನು ಮುಂದಿನದು ಕೇಳು. ನಿನ್ನ ಕಾಗದ ಎಲ್ಲ ತರಿಸಿ ಸಾಲಾಗಿ ಇಟ್ಟು ನೋಡಿದಳು. "ನಿಮ್ಮಕ್ಕನಿಗೆ ಸಿಟ್ಟು ಇರ್ಬಹುದು. ಆದ್ರೆ ಇದು ಸಿಟ್ಟಲ್ಲ ಕಣೇ, ಕೈ. ಹೆಬ್ಬೆರಳ ಬುಡ ಬತ್ತಿಹೋಗಿದೆ, ನಾನು ಚೀಟಿ ಕೊಡುವಾಗ್ಲೇ ನೋಡ್ದೆ. ಇಸ್ತ್ರಿಯವ್ರಲ್ಲಿ ಇಬ್ರಿಗೆ ಹಿಂಗೇ ಆಗಿತ್ತು" ಅಂದಳು.

ನಾನು ಜನವರಿಯಿಂದ ನಿನ್ನ ಅಕ್ಷರ ನೋಡಿಕೊಂಡು ಅಳುತ್ತಿದ್ದೇನೆ, ನನ್ನ ಮೇಲಿನ ಕೋಪ ಅಂತ. ಅವಳು ಒಂದೇ ಸಲ ನೋಡಿ ಹೇಳಿದಳು. ನನಗೆ ನಾಚಿಕೆಯೂ ಆಯಿತು, ಅವಳ ಮೇಲೆ ಸಿಟ್ಟೂ ಬಂತು.

ಕೈಗೆ ಏನಾಗಿದೆ, ನಿಜ ಬರೆ.

ಗಿಣಿ

ಏಪ್ರಿಲ್ ೧೦

ಗಿಣಿ,

ನಿಜ ತಾನೇ ಬೇಕು? ತಗೋ.

ಬಲಗೈ ಹೆಬ್ಬೆರಳು, ಪಕ್ಕದ ಎರಡು ಬೆರಳು ಹೋದ ವರ್ಷದಿಂದ ಜೋಮು. ನಿದ್ದೆಯಿಂದ ಎದ್ದು ಕೈ ಕೊಡವುತ್ತೇನೆ. ಸೂಜಿ ಹಿಡಿದದ್ದು ಗೊತ್ತಾಗುವುದಿಲ್ಲ. ದಾರ ಸರಿಯಿಲ್ಲ ಅಂದದ್ದು ಸುಳ್ಳು, ಪೆನ್ನು ಜಾರುತ್ತದೆ ಅಂದದ್ದೂ ಸುಳ್ಳು. ಯಜಮಾನರು ನನ್ನನ್ನು ಹೊಲಿಗೆಯಿಂದ ತೆಗೆದು ಅಂಟು ಹಚ್ಚಲು ಕೂರಿಸಿದ್ದಾರೆ. ನಿನ್ನನ್ನು ನೋಡಿಕೊಳ್ಳುತ್ತೇನೆ ಅಂತ ಮೆರೆದವಳಿಗೆ ಲೋಟ ಹಿಡಿಯಲು ಬರುವುದಿಲ್ಲ ಅಂತ ಬರೆಯಲೇ?

ಆವತ್ತು ಇಡೀ ದಿನ ಬಸ್ಸಿನಲ್ಲಿ ಕಂಬಿ ಹಿಡಿದು ಬಂದದ್ದಕ್ಕೆ ಕೈ ಪೂರ್ತಿ ಸತ್ತಿತ್ತು. ಒಳಗೆ ಬಂದೆ. ನೀನು ಕಣ್ಣು ಮುಚ್ಚಿ ಮಲಗಿದ್ದೆ. ನನಗೆ ಚೀಟಿ ಬರೆದುಕೊಟ್ಟ ಹೆಂಗಸು ನನ್ನ ಹಿಂದೆಯೇ ಬಂದು ನಿನ್ನ ಪಕ್ಕ ಕೂತು ಚಮಚ ಎತ್ತಿದಳು. ಆಗ ತಿಳಿಯಿತು ಅವಳು ಯಾರು ಅಂತ. ಅವಳ ಕೈಯಲ್ಲೇ ಬರೆಸಿಕೊಂಡೆನಲ್ಲಾ! ಅವಳ ಕೈಯಿಂದ ಆ ಚಮಚ ಕಿತ್ತುಕೊಳ್ಳಬೇಕು ಅನ್ನಿಸಿತು. ಕಿತ್ತುಕೊಂಡರೆ ಹಿಡಿಯಲಾರೆ, ನಿನ್ನ ಮೈಮೇಲೆ ಚೆಲ್ಲುತ್ತೇನೆ ಅಂತಲೂ ಗೊತ್ತಿತ್ತು. ಹೊಟ್ಟೆಕಿಚ್ಚು ಅಂದರೆ ಏನು ಅಂತ ನನಗೆ ಆವತ್ತು ಗೊತ್ತಾಯಿತು. ವಾಪಸ್ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳನ್ನು ಶಪಿಸಿಕೊಂಡು ಬಂದೆ, ನಡುನಡುವೆ ಅವಳಿಗೆ ಆಯಸ್ಸು ಕೊಡು ಅಂತ ಕೇಳಿಕೊಂಡೆ.

ಈಗ ನನ್ನ ಕೈ ಕಥೆಯನ್ನೂ ಅವಳೇ ಓದಿ ಹೇಳಿದಳಾ? ನನ್ನದು ಅಂತ ಏನಾದರೂ ಉಳಿಸಿದ್ದಾಳಾ ಆ ಹೆಂಗಸು?

ಅಕ್ಕ

ಏಪ್ರಿಲ್ ೨೦

ಅಕ್ಕ,

ಮೂಲೆ ಡಾಕ್ಟರಿಗೆ ಎಲ್ಲ ಹೇಳಿದೆ. ಮಣಿಕಟ್ಟಿನಲ್ಲಿ ನರ ಒತ್ತಿಹೋಗಿರಬೇಕು, ಹೆಬ್ಬೆರಳು ಬತ್ತಿದೆ ಅಂದರೆ ತಡ ಆಗಿದೆ, ಇನ್ನೂ ತಡ ಮಾಡಿದರೆ ಆಪರೇಷನ್ ಮಾಡಿದರೂ ಹಿಡಿತ ವಾಪಸ್ ಬರದೇ ಹೋಗಬಹುದು ಅಂದರು. ಸೂಜಿ ಬೇಕೋ ಬೇಡವೋ ನಿನಗೆ?

ಗುಂಪಿನಲ್ಲಿ ಒಬ್ಬೊಬ್ಬರೂ ಹೊರಗಿನ ಒಬ್ಬರನ್ನು ಸೇರಿಸಬಹುದು. ನಿನ್ನ ಹೆಸರು ಬರೆಸಿದೆ. ನಿನ್ನ ಪಾಲಿನದು ತಿಂಗಳು ತಿಂಗಳು ನೀನೇ ಕಳಿಸು, ದಾನ ಅಂತ ಮೂಗು ಮುರಿಯಬೇಡ. ಕಾಲೇಜು ಆಸ್ಪತ್ರೆಯಲ್ಲಿ ಮೇ ಹನ್ನೆರಡಕ್ಕೆ ಬರಲು ಹೇಳಿದ್ದಾರೆ, ಕೈಗೆ ಸಣ್ಣಗೆ ಕರೆಂಟು ಕೊಟ್ಟು ನರ ಪರೀಕ್ಷೆ ಮಾಡುತ್ತಾರೆ, ಆಮೇಲೆ ಆಪರೇಷನ್.

ಇನ್ನೊಂದು ವಿಷಯ. ನಾನು ನಿನ್ನ ಜೊತೆ ಕೂರುವ ಹಾಗಿಲ್ಲ. ಸರದಿ ಪ್ರಕಾರ ಯಾರ ಪಾಳಿ ಅಂತ ಕೇಳಬೇಡ. ನಿನಗೆ ಗೊತ್ತು.

ಗಿಣಿ

ಏಪ್ರಿಲ್ ೨೮

ಬಿಸಿ ತುಪ್ಪ. ನುಂಗಲೂ ಆಗದು, ಉಗುಳಲೂ ಆಗದು. ಬರುತ್ತೇನೆ. ಅವಳ ಕೈಯಿಂದ ನೀರು ಮಾತ್ರ ಕುಡಿಯುವುದಿಲ್ಲ, ಹೇಳಿಬಿಡು.

ಅಕ್ಕ

ಮೇ ೧೪
(ವಾರ್ಡಿನ ಹೊರಗಿನ ಬೆಂಚಿನಿಂದ, ಆಸ್ಪತ್ರೆಯ ಆಯಾ ಕೈಯಲ್ಲಿ ಕಳಿಸಿದ್ದು)

ಅಕ್ಕ,

ಆಪರೇಷನ್ ಚೆನ್ನಾಗಿ ಆಯಿತು ಅಂತ ಡಾಕ್ಟರು ಹೇಳಿಹೋದರು. ಸಂಜೆಯೇ ಕಳಿಸಬೇಕಿತ್ತು, ಬಿಪಿ ಏರಿದ್ದಕ್ಕೆ ಇಟ್ಟುಕೊಂಡಿದ್ದಾರೆ ಅಂದರು. ಹಾಗಾದರೆ ಒಳಗೆ ಅಷ್ಟು ನಗು ಯಾಕೆ?

ಬೆಳಗಿನಿಂದ ಇಲ್ಲಿ ಕೂತಿದ್ದೇನೆ. ಪರದೆ ಸಂದಿನಲ್ಲಿ ಎಲ್ಲ ಕಾಣಿಸುತ್ತದೆ. ಅವಳು ನಿನ್ನ ಜಡೆ ಬಿಚ್ಚಿ ಹೆಣೆಯುತ್ತಿದ್ದಾಳೆ. ನಿನ್ನ ತಲೆ ಮುಟ್ಟಲು ನನಗೆ ಯಾವತ್ತೂ ಬಿಟ್ಟವಳಲ್ಲ ನೀನು. ನನ್ನ ಹೊಟ್ಟೆ ಉರಿಯುತ್ತಿದೆ, ಇಲ್ಲಿಂದ ಹೊಗೆ ಬರುತ್ತಿರಬೇಕು ನೋಡು.

ಗಿಣಿ

ಮೇ ೧೪
(ಬೇರೆ ಕೈಬರಹ)

ಗಿಣಿ,

ಕೈಗೆ ಪಟ್ಟಿ ಕಟ್ಟಿದ್ದಾರೆ, ನಾನು ಹೇಳುತ್ತೇನೆ, ಈಕೆ ಬರೆಯುತ್ತಾಳೆ. ಬಿಪಿ ಏರಿದ್ದು ಈಕೆಯ ಮುಖ ನೋಡಿಯೇ. ಒಂದು ಮಾತ್ರೆಗೆ ಮೂರು ಪ್ರಶ್ನೆ ಕೇಳುತ್ತಾಳೆ, ನರ್ಸಿಗೂ ಏರಿದೆ. (ಬರೆಯುತ್ತಿರುವವಳು: ಆ ಮಾತ್ರೆ ಬೇಕಿರಲಿಲ್ಲ.)

ನಿನ್ನ ಚಿಕ್ಕಂದಿನ ಕಥೆ ಹೇಳುತ್ತಿದ್ದೆ. ನೀನು ಉಪ್ಪಿನ ಡಬ್ಬಿಯಲ್ಲಿ ಹಾಲುಹಲ್ಲು ಬಚ್ಚಿಟ್ಟದ್ದು ಈಕೆಗೆ ಗೊತ್ತಿರಲಿಲ್ಲ. ನನಗೆ ಗೊತ್ತಿರುವ ನೂರು ವಿಷಯ ಈಕೆಗೆ ಗೊತ್ತಿಲ್ಲ ಅಂತ ನೋಡಿ ಜೀವಕ್ಕೆ ತಂಪಾಯಿತು. ಅದಕ್ಕೇ ನಗು.

ನೀರು ಕುಡಿದೆ. ಅರ್ಧ ಚಮಚ, ತಲೆ ಎತ್ತಿ. ಕಲಿಸಿಕೊಟ್ಟೆ. (ಬರೆಯುತ್ತಿರುವವಳು: ಇಪ್ಪತ್ತು ವರ್ಷ ಆಯಾ ಆಗಿದ್ದೆ.)

ಬೆಂಚು ಗಟ್ಟಿ ಇದೆ, ನನಗೆ ಗೊತ್ತು. ಮನೆಗೆ ಹೋಗಿ ಮಲಗು.

ಅಕ್ಕ

ಆಗಸ್ಟ್ ೨೬

ಅಕ್ಕ,

ಹೋದ ಕಾಗದದ ಅಕ್ಷರ ನೋಡಿದೆ. ಸಾಲು ನೆಟ್ಟಗಾಗಿದೆ. ಸೂಜಿ ಹಿಡಿದೆಯಂತೆ, ದೊಡ್ಡಕ್ಕನಿಗೆ ಬರೆದಿದ್ದೀಯ. ನನಗಿಂತ ಮೊದಲು ಅವಳಿಗೆ ಬರೆದಿದ್ದೀಯ, ಇರಲಿ.

ದೊಡ್ಡಕ್ಕನ ಕಣ್ಣಿಗೆ ಪೊರೆ ಬಂದಿದೆ, ಮುಂದಿನ ತಿಂಗಳು ಆಪರೇಷನ್. ಅವಳಿಗೆ ಹಿಂದೆ ಮುಂದೆ ಯಾರೂ ಇಲ್ಲ ಅಂತ ನಿನಗೆ ಗೊತ್ತು. ಜೊತೆಗೆ ಯಾರು ಬೇಕು ಅಂತ ಸಭೆಯಲ್ಲಿ ಕೇಳಿದಾಗ, "ಬೈಂಡಿಂಗ್ ಅಂಗಡಿಯವಳು ಬರ್ಲಿ, ಅವ್ಳಿಗೆ ಬೈಯೋಕ್ಕೆ ಬರುತ್ತೆ" ಅಂದಳು. ನಿನಗೆ ಹೊರಟು ಬಾ ಅಂತ ಬರೆಯಲು ನಾನು ಪೆನ್ನು ತೆಗೆದೂ ಆಗಿತ್ತು.

ಆಗ ಪಾರ್ಲರಿನ ಹುಡುಗಿ ಎದ್ದು ನಿಂತಳು, ಅದೇ ಅಣ್ಣ ಸೈನ್ ಹಾಕಿದ್ದ ಹುಡುಗಿ. "ಅದು ಹೇಗಾಗುತ್ತೆ? ದೊಡ್ಡಕ್ಕನಿಗೆ ಅವ್ರದ್ದು ವಾರ ವಾರ ಕಾಗದ, ಹೊಲಿದು ಕಳಿಸಿದ ಹೊಸ ನೋಟುಪುಸ್ತಕ, ದೊಡ್ಡಕ್ಕ ಅವ್ರನ್ನ ತಂಗಿ ಅಂತಾರೆ, ಅವ್ರು ದೊಡ್ಡಕ್ಕನ ಜೊತೆ ಜಗಳ ಆಡ್ತಾರೆ. ಅವ್ರು ನೆಂಟ್ರೇ ಆದ್ರು. ನಿಯಮ ಅಂದ್ರೆ ನಿಯಮ" ಅಂದಳು. ಎಲ್ಲರೂ ಕೈ ಎತ್ತಿದರು. ಕೊನೆಗೆ ದೊಡ್ಡಕ್ಕನೂ ಎತ್ತಿದಳು.

ನಿನಗೆ ಬೇಜಾರಾಗುತ್ತದೆ ಅಂತ ಗೊತ್ತು.

ಗಿಣಿ

ಸೆಪ್ಟೆಂಬರ್ ೩

ಗಿಣಿ,

ಬೇಜಾರಾ? ಕಾಗದವನ್ನು ಮೂರು ಸಲ ಓದಿದೆ. ಪಕ್ಕದ ಮನೆಯವಳಿಗೂ ಓದಿ ಹೇಳಿದೆ. "ಅಯ್ಯೋ, ಪಾಪ, ಒಳಗೆ ಬಿಡಲ್ವಂತಾ?" ಅಂದಳು. "ಬಿಡಲ್ಲ. ನಾನು ಅವಳಿಗೆ ಆಗಬೇಕಾದವಳು" ಅಂದೆ. ಎಷ್ಟು ಜೋರಾಗಿ ಅಂದೆನೋ, ಅವಳ ಗಂಡ ಹೊರಗೆ ಬಂದು ನೋಡಿದ.

ಆದರೂ ಒಂದು ಕೇಳುತ್ತೇನೆ. ನನ್ನ ಬದಲು ಯಾರನ್ನು ಕೂರಿಸುತ್ತಾರೆ? ಆ ಪಾರ್ಲರಿನ ಹುಡುಗಿಯನ್ನಾ? ಉಗುರಿಗೆ ಬಣ್ಣ ಹಚ್ಚುವವಳಿಗೆ ಕಣ್ಣಿಗೆ ಹನಿ ಹಾಕಲು ಬರುತ್ತಾ? ಕೆಳಗಿನ ರೆಪ್ಪೆ ಎಳೆದು ಹಾಕಬೇಕು, ನೇರ ಕಣ್ಣುಗುಡ್ಡೆಯ ಮೇಲಲ್ಲ. ದೊಡ್ಡಕ್ಕ ಬೆಳಕಿಗೆ ತಿರುಗಿ ಮಲಗುವವಳಲ್ಲ, ಎಡ ಮಗ್ಗುಲು. ಅದೆಲ್ಲ ಅವಳಿಗೆ ಯಾರು ಹೇಳಬೇಕು? ಹೊಟ್ಟೆ ಉರಿಯುತ್ತಿದೆ.

ರಜೆ ಸಿಕ್ಕಿತು. ಹಿಂದಿನ ದಿನವೇ ಬರುತ್ತೇನೆ. ಬೆಂಚಿನ ಮೇಲೆ ಪರದೆ ಸಂದು ಕಾಣುವ ಕಡೆ ಜಾಗ ಹಿಡಿದಿಡು, ಇಬ್ಬರಿಗೂ.

ಅಕ್ಕ